ನಿಮಗಿದು ಗೊತ್ತೇ? ಮೈಮೇಲೆ ಎದ್ದದ್ದು ಮಚ್ಚೆಯೋ, ಗುಳ್ಳೆಯೋ, ಗಂಧೆಯೋ?

ಚರ್ಮದ ಮೇಲೆ ಏನೇ ಎದ್ದರೂ ‘ಅಲರ್ಜಿ’ ಎಂದು ಸುಮ್ಮನಾಗುತ್ತೇವೆ. ಚರ್ಮವೈದ್ಯರು ಮೊದಲು ಬೆರಳಾಡಿಸಿ ನೋಡುತ್ತಾರೆ. ಬೆರಳಿಗೆ ಏನೂ ತಗುಲದೆ ಬಣ್ಣ ಮಾತ್ರ ಬದಲಾಗಿದ್ದರೆ ಮಚ್ಚೆ. 1 ಸೆಂ.ಮೀ.ಗಿಂತ ಚಿಕ್ಕ ಗಟ್ಟಿ ಉಬ್ಬು ಗುಳ್ಳೆ. ನೀರು ತುಂಬಿದರೆ ನೀರ್ಗುಳ್ಳೆ, ಕೀವಾದರೆ ಕೀವುಗುಳ್ಳೆ. ಆಳದಲ್ಲಿ ಕೈಗೆ ಸಿಗುವುದು ಗಂಟು.

ಪಿತ್ತದ ಗಂಧೆಯ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತುಳಿಸದೆ ಮಾಯವಾಗುತ್ತದೆ. ಅನುಮಾನವಿದ್ದರೆ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಮರುದಿನ ನೋಡಿ.

ಗಜೇಂದ್ರಗಡ, ರೋಣದ ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಕಸ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪರದೇಶಿ ಗಿಡ. ಅದು ಒಗ್ಗದವರಿಗೆ ಕಣ್ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದು ಚರ್ಮ ದಪ್ಪಗಾಗುತ್ತದೆ. ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಧೂಳು ತಾಗಿದರೂ ಸಾಕು. ಕಳೆ ಕೀಳುವಾಗ ತುಂಬುತೋಳಿನ ಅಂಗಿ ಇರಲಿ.

ಬೆರಳಸಂದಿಯಲ್ಲಿ ರಾತ್ರಿ ಹೆಚ್ಚು ತುರಿಸಿದರೆ ಕಜ್ಜಿಯ ಅನುಮಾನ. ಕಾರಣ ಅರ್ಧ ಮಿ.ಮೀ. ಕೂಡ ಇಲ್ಲದ ನುಸಿ. ಮನೆಮಂದಿಯೆಲ್ಲ ಒಟ್ಟಿಗೇ ಔಷಧ ಹಚ್ಚದಿದ್ದರೆ ಮರಳಿ ಬರುತ್ತದೆ.

ಸರ್ಪಸುತ್ತು ಮೈಯನ್ನು ಪೂರ್ತಿ ಸುತ್ತಿದರೆ ಸಾವು ಎಂಬ ಭಯ ಬೇಡ. ಅದು ಹಿಂದೆ ಬಂದಿದ್ದ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ವೈರಾಣು ಒಂದು ನರದ ಗುಂಟ ಮತ್ತೆ ಎದ್ದದ್ದು. ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ನಿಲ್ಲುತ್ತದೆ.

ಉಂಗುರದಂತೆ ಹರಡುವ ಹುಳಕಡ್ಡಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ತಗ್ಗುತ್ತದೆ, ಶಿಲೀಂಧ್ರ ಒಳಗೊಳಗೇ ಬೆಳೆಯುತ್ತದೆ. ಉಂಗುರದ ಅಂಚೂ ಅಳಿಸಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ದಯವಿಟ್ಟು ಹಚ್ಚಬೇಡಿ.

ಇನ್ನು ಬಿಳಿ ಮಚ್ಚೆ. ಹೆಚ್ಚು ಗಾಬರಿ ಇಲ್ಲೇ, ಹೆಚ್ಚು ತಡವೂ ಇಲ್ಲೇ. ಹಾಲಿನಂತೆ ಬೆಳ್ಳಗಾಗಿ ಸ್ಪರ್ಶ ಸರಿಯಾಗಿದ್ದರೆ ಬಹುಮಟ್ಟಿಗೆ ತೊನ್ನು, ಅಂಟುವುದಿಲ್ಲ. ಉಗುರಿನಿಂದ ಕೆರೆದಾಗ ಸಣ್ಣ ಹೊಟ್ಟು ಉದುರಿದರೆ ಸಿಬ್ಬ. ಮಾಸಲು ಬಿಳಿ ಅಥವಾ ತಾಮ್ರದ ಬಣ್ಣ, ತುರಿಕೆಯಿಲ್ಲ, ನೋವಿಲ್ಲ ಎಂದರೆ ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ, ತಾಗಿದ್ದೆಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿ. ತೋರಿಸಲಾಗದಿದ್ದರೆ ಕುಷ್ಠದ ಪರೀಕ್ಷೆ ಆಗಲೇಬೇಕು. ನೋವಿಲ್ಲವೆಂದು ಜನ ಸುಮ್ಮನಿರುತ್ತಾರೆ; ಅಷ್ಟರಲ್ಲಿ ನರ ಸತ್ತು, ಮಗ್ಗದ ಎಳೆ ಹಿಡಿಯುವ ಬೆರಳು ಮಡಚಿಕೊಳ್ಳುತ್ತದೆ.

ಕುಷ್ಠದ ರೋಗಾಣುವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದರು. ಮಚ್ಚೆ 5ರವರೆಗೆ ಇದ್ದರೆ ಸಾಮಾನ್ಯವಾಗಿ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಾತ್ರೆ ಶುರುವಾದ ಮೇಲೆ ಬೇರೆ ತಟ್ಟೆ, ಬೇರೆ ಕೋಣೆ ಬೇಕಿಲ್ಲ. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಸಂಸತ್ತು 2019ರಲ್ಲಿ ತೆಗೆದುಹಾಕಿದೆ.