ತೊಟ್ಟಿ ಮನೆಯನ್ನು ಆಟದೊಳಗೆ ಕಟ್ಟುವುದು ಹೇಗೆ?

ವಿಡಿಯೋ ಆಟ ಆಡುತ್ತಿರುವ ಮಗುವಿನ ಬೆನ್ನ ಹಿಂದೆ ನಿಂತು ನೀವು ನೋಡಿರಬಹುದು. ಪರದೆಯ ಮೇಲೆ ಓಣಿ, ಕೋಣೆ, ಮೆಟ್ಟಿಲುಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಇವನ್ನೆಲ್ಲ ಆಟದ ಕಂಪನಿಯವರೇ ಕಟ್ಟಿರುತ್ತಾರೆ ಎಂಬುದು ಸಾಮಾನ್ಯ ಭಾವನೆ. ವಾಸ್ತವವಾಗಿ ಆಡುವವರೇ ಮನೆಯಲ್ಲಿ ಕುಳಿತು ಕಟ್ಟಿದ ಇಂಥ ಜಾಗಗಳು ಸಾವಿರಾರು ಇವೆ. ಅವರು ಇದನ್ನು 'ಮ್ಯಾಪ್' ಎನ್ನುತ್ತಾರೆ. ನಾವು ನಕ್ಷೆ ಎನ್ನೋಣ.

ಈ ಹವ್ಯಾಸ ದೊಡ್ಡದಾಗಿ ಹಬ್ಬಿದ್ದು 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ ಹೊರತಂದ 'ಡೂಮ್' ಆಟದಿಂದ. ಆಟವನ್ನು ನಡೆಸುವ ಪ್ರೋಗ್ರಾಮ್ ಒಂದು ಕಡತದಲ್ಲಿ, ನಕ್ಷೆ, ಚಿತ್ರ, ಶಬ್ದಗಳು 'ವಾಡ್' ಎಂಬ ಇನ್ನೊಂದು ಕಡತದಲ್ಲಿ ಇದ್ದವು. ಹೀಗಾಗಿ ಮೂಲವನ್ನು ಮುಟ್ಟದೆ ನಿಮ್ಮ ನಕ್ಷೆಯನ್ನು ಜೊತೆಗೆ ಸೇರಿಸಿದರೆ ಸಾಕಿತ್ತು. 1994ರ ಆರಂಭದಲ್ಲೇ ಆಟಗಾರರು ನಕ್ಷೆ ಬರೆಯುವ ಸಾಧನವನ್ನೂ ತಯಾರಿಸಿಕೊಂಡರು.

ನಿಮ್ಮ ಅಜ್ಜನ ಕಾಲದ ತೊಟ್ಟಿ ಮನೆಯನ್ನು ಡೂಮ್‌ನಲ್ಲಿ ಕಟ್ಟಬೇಕೆಂದು ಇಟ್ಟುಕೊಳ್ಳಿ. ಸ್ವಂತ ಮನೆಯನ್ನು ಕಟ್ಟಿ ನೋಡುವುದು ಈ ಹವ್ಯಾಸಿಗಳಲ್ಲಿ ಮೊದಲಿನಿಂದಲೂ ಇರುವ ರೂಢಿ. ಆ ಮನೆ ಈಗ ಉಳಿದಿಲ್ಲವಾದರೆ, ಅಳತೆ ನೆನಪಿರುವ ಹಿರಿಯರನ್ನು ಮೊದಲು ಕೇಳಿ ಬರೆದುಕೊಳ್ಳಿ. ಗಣಕದ ಕೆಲಸ ಕಾಯುತ್ತದೆ.

ನಕ್ಷೆಯನ್ನು ಮೇಲಿನಿಂದ ನೋಡಿದಂತೆ, ಭೂಮಾಪಕರ ಹಾಗೆ, ಗೆರೆಗಳಲ್ಲಿ ಬರೆಯಬೇಕು. ಗೆರೆಗಳು ಸುತ್ತುವರಿದ ಪ್ರತಿ ಜಾಗವೂ ಒಂದು 'ಸೆಕ್ಟರ್'. ಅದಕ್ಕೆ ನೆಲದ ಎತ್ತರ, ಚಾವಣಿಯ ಎತ್ತರ ಮತ್ತು ಬೆಳಕಿನ ಪ್ರಮಾಣ ಕೊಡಬೇಕು. ಜಗಲಿ ಒಂದು ಸೆಕ್ಟರ್, ಪಡಸಾಲೆ ಇನ್ನೊಂದು. ಹೊಸ್ತಿಲು ಕೂಡ ಒಂದು ಕಿರಿದಾದ ಸೆಕ್ಟರೇ. ಆಟಗಾರನ ಎತ್ತರ 56 ಯೂನಿಟ್. ತಲೆ ತಗ್ಗಿಸುವುದು ಅವನಿಗೆ ಬರುವುದಿಲ್ಲವಾದ್ದರಿಂದ ಬಾಗಿ ಒಳಹೋಗುವ ಹಳೆಯ ಬಾಗಿಲನ್ನು ಇಲ್ಲಿ ಎತ್ತರಿಸಲೇಬೇಕು. 24 ಯೂನಿಟ್‌ಗಿಂತ ಎತ್ತರವಾದುದನ್ನು ಅವನು ಹತ್ತಲಾರ. ತೊಟ್ಟಿಯನ್ನು ಅದಕ್ಕಿಂತ ಆಳ ಮಾಡಿದಿರೋ, ಇಳಿದವನು ಅಲ್ಲೇ ಉಳಿದ! ತೊಟ್ಟಿಯ ಚಾವಣಿಗೆ ಆಕಾಶದ ಗುರುತು ಕೊಟ್ಟರೆ ಮೇಲೆ ಬಯಲು ಕಾಣುತ್ತದೆ. ಅಟ್ಟ ಮಾತ್ರ ಸಾಧ್ಯವಿಲ್ಲ. ಮೂಲ ಡೂಮ್‌ನಲ್ಲಿ ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಚಾವಣಿ.

ಇಷ್ಟು ಮಾಡಿದರೆ ಮನೆ ಬಂತು, ಆದರೆ ಜೀವ ಬರಲಿಲ್ಲ. ಜೀವ ಬರುವುದು ಬೆಳಕಿನಿಂದ. ಬೆಳಕಿನ ಪ್ರಮಾಣ 0ಯಿಂದ 255ರವರೆಗೆ; ತೊಟ್ಟಿಗೆ 224, ಪಡಸಾಲೆಗೆ 160, ಒಳಕೋಣೆಗೆ 96 ಎಂದು ಕೊಟ್ಟು ನೋಡಿ. ಆದರೆ ಡೂಮ್‌ನಲ್ಲಿ ನೆರಳು ತಾನಾಗಿ ಬೀಳುವುದಿಲ್ಲ. ಕಂಬದ ನೆರಳು ಬೇಕೆಂದರೆ ನೆಲದ ಮೇಲೆ ನೆರಳಿನ ಆಕಾರದ್ದೇ ಸೆಕ್ಟರ್ ಬರೆದು ಅದರ ಬೆಳಕು ತಗ್ಗಿಸಬೇಕು. ಬಾಗಿಲಿನಿಂದ ಓರೆಯಾಗಿ ಬಿದ್ದ ಬಿಸಿಲೂ ಹೀಗೆಯೇ. ಒಳ್ಳೆಯ ನಕ್ಷೆಯಲ್ಲಿ ಗೋಡೆಗಳಿಗಿಂತ ಇಂಥ ಗೆರೆಗಳೇ ಹೆಚ್ಚು.

ಹಾಗೆಂದು ಬೇಕಾದಷ್ಟು ಗೆರೆ ಎಳೆಯಬಹುದೇ? ಇಲ್ಲಿಯೇ ತೊಡಕು. ಗಣಕವು ಈ ದೃಶ್ಯವನ್ನು ಸೆಕೆಂಡಿಗೆ 35 ಸಲದವರೆಗೆ ಹೊಸದಾಗಿ ಬಿಡಿಸಬೇಕು. ಅದಕ್ಕಾಗಿ ನಕ್ಷೆಯನ್ನು ಮೊದಲೇ ಸಣ್ಣ ಸಣ್ಣ ತುಂಡುಗಳಾಗಿ ಸೀಳಿ, ಮರದ ಕವಲುಗಳಂತೆ ಜೋಡಿಸಿಡಲಾಗುತ್ತದೆ. ಆಟಗಾರ ಎಲ್ಲಿ ನಿಂತರೂ ಯಾವ ತುಂಡು ಹತ್ತಿರ, ಯಾವುದು ದೂರ ಎಂದು ಈ ಮರದಿಂದ ತಿಳಿಯುತ್ತದೆ. ಹತ್ತಿರದ್ದನ್ನು ಮೊದಲು ಬಿಡಿಸಿ, ಗೋಡೆಯಿಂದ ಮುಚ್ಚಿಹೋದ ಭಾಗದ ಹಿಂದಿನದನ್ನು ಗಣಕ ಬಿಟ್ಟುಬಿಡುತ್ತದೆ. ಬೇರೆ ಬೇರೆ ಎತ್ತರ, ಬೆಳಕುಗಳ ನೆಲ ಮತ್ತು ಚಾವಣಿಗಳ ತುಂಡುಗಳು ಒಮ್ಮೆಗೆ 128ಕ್ಕಿಂತ ಹೆಚ್ಚು ಕಂಡರೆ ಮೂಲ ಆಟ ದೋಷ ತೋರಿಸಿ ನಿಂತೇ ಹೋಗುತ್ತಿತ್ತು.

ತೊಟ್ಟಿ ಮನೆಗೆ ಇದು ಕಠಿಣ ಪರೀಕ್ಷೆ, ಏಕೆಂದರೆ ತೊಟ್ಟಿಯ ನಡುವೆ ನಿಂತರೆ ಸುತ್ತಲಿನ ಎಲ್ಲವೂ ಕಾಣುತ್ತದೆ. ನಮ್ಮ ಸ್ಟುಡಿಯೋ ಸೆಟ್ಟಿನಲ್ಲಿ ಕ್ಯಾಮೆರಾಕ್ಕೆ ಕಾಣದ ಬದಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ಆಟದಲ್ಲಾದರೋ ಕ್ಯಾಮೆರಾ ಆಟಗಾರನ ಕೈಯಲ್ಲಿದೆ. ಆದ್ದರಿಂದ ಕಟ್ಟುವವನು ಗೋಡೆಗಳಿಂದಲೇ ಅವನ ನೋಟವನ್ನು ತಡೆಯಬೇಕು. ಒಳಕೋಣೆಯ ಬಾಗಿಲನ್ನು ಎದುರಿನಿಂದ ತುಸು ಸರಿಸಿದರೆ ಕೋಣೆಯೊಳಗಿನ ವಿವರವೆಲ್ಲ ಲೆಕ್ಕದಿಂದ ಹೊರಗೆ. ಎಂಟು ಹಂತದ ನೆರಳನ್ನು ಮೂರಕ್ಕೆ ಇಳಿಸಿದರೆ ಇನ್ನಷ್ಟು ಉಳಿತಾಯ. ಹಳೆಯ ಮನೆಗಳ ದಪ್ಪ ಗೋಡೆ, ಸಣ್ಣ ಬಾಗಿಲು ಇಲ್ಲಿ ನಿಮ್ಮ ಸಹಾಯಕ್ಕೆ ಬರುತ್ತವೆ. 1997ರಲ್ಲಿ ಡೂಮ್‌ನ ಮೂಲ ಸಂಕೇತ ಬಹಿರಂಗವಾದ ಮೇಲೆ ಈ ಮಿತಿಗಳನ್ನು ತೆಗೆದ ರೂಪಗಳು ಬಂದಿವೆ. ಆದರೂ ಹಳೆಯ ಮಿತಿಯೊಳಗೇ ಕಟ್ಟುತ್ತೇವೆಂದು ಹಟ ಹಿಡಿದವರು ಇದ್ದಾರೆ, ಅವರ ಕೆಲಸವೇ ನನಗೆ ಹೆಚ್ಚು ಮೆಚ್ಚುಗೆ.

ಅಟ್ಟ ಬೇಕೇ ಬೇಕೆನ್ನುವವರು ಅದೇ ಕಂಪನಿಯ 1996ರ 'ಕ್ವೇಕ್' ಆಟಕ್ಕೆ ಹೋಗಬೇಕು. ಅಲ್ಲಿ ಗೆರೆಯ ಬದಲು ಇಟ್ಟಿಗೆಯಂಥ ಘನ ತುಂಡುಗಳಿಂದ ಕಟ್ಟುತ್ತಾರೆ. ಎಲ್ಲಿಂದ ಯಾವುದು ಕಾಣುತ್ತದೆ, ಯಾವ ದೀಪದ ನೆರಳು ಎಲ್ಲಿ ಬೀಳುತ್ತದೆ ಎಂಬ ಲೆಕ್ಕವನ್ನು ಪ್ರತ್ಯೇಕ ಪ್ರೋಗ್ರಾಮ್‌ಗಳು ಮೊದಲೇ ಮಾಡಿಡುತ್ತವೆ. ಆಗಿನ ಯಂತ್ರಗಳಲ್ಲಿ ದೊಡ್ಡ ನಕ್ಷೆಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಮನೆಯಲ್ಲಿ ಒಂದು ಸಣ್ಣ ಬಿರುಕು ಉಳಿದರೂ 'ಸೋರಿಕೆ' ಎಂದು ಕೆಲಸ ಕೆಡುತ್ತದೆ. ಹೆಂಚು ಕೈಯಾಡಿಸಿದ ಅನುಭವವಿದ್ದವರಿಗೆ ಈ ಕಷ್ಟ ಹೊಸದಲ್ಲ.

ನೀವು ಪ್ರಯತ್ನಿಸುವುದಾದರೆ 'ಸ್ಲೇಡ್' ಎಂಬ ಸಾಧನ ಉಚಿತ. ಡೂಮ್‌ನ ಚಿತ್ರ, ಶಬ್ದಗಳ ಬದಲಿಗೆ 'ಫ್ರೀಡೂಮ್' ಎಂಬ ಸಂಗ್ರಹವೂ ಉಚಿತ. ಡೂಮ್ ರಕ್ತಪಾತದ ಆಟವೆಂದು ಹೆತ್ತವರು ಅಂಜುವುದು ಸಹಜ, ಆದರೆ ರಾಕ್ಷಸರನ್ನು ಇಡಲೇಬೇಕೆಂಬ ನಿಯಮವಿಲ್ಲ. ಮನೆ ಮುಗಿದ ಮೇಲೆ ಅದನ್ನು ಬಲ್ಲವರೊಬ್ಬರನ್ನೂ ಎಂದೂ ಕಾಣದವರೊಬ್ಬರನ್ನೂ ಆಡಲು ಕೂರಿಸಿ. ಮೊದಲನೆಯವರು ಅಳತೆ ಎಲ್ಲಿ ತಪ್ಪಿದೆಯೆಂದು ಹೇಳುತ್ತಾರೆ. ಎರಡನೆಯವರು ದಾರಿ ತಿಳಿಯದೆ ಎಲ್ಲಿ ನಿಂತರೋ ಅಲ್ಲಿ ಬೆಳಕನ್ನು ತುಸು ಏರಿಸಿ.