ನರ, ನೂಲು, ಕೊಳವೆ: ರೇಷ್ಮೆ ಸೀಮೆಯಿಂದ ಒಂದು ಟಿಪ್ಪಣಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮಜೀವನದಲ್ಲಿ ಹಿಪ್ಪುನೇರಳೆ ತೋಟ, ಹುಳುಮನೆ, ಚಂದ್ರಿಕೆಗಳಿಗೆ ವಿಶಿಷ್ಟ ಸ್ಥಾನವಿದೆ. ಪೊರೆ ಬಿಡುವ ಮುನ್ನ ಹುಳು ಮೇವು ತೊರೆದು ನಿಶ್ಚಲವಾಗುವುದನ್ನು ಸಾಕಾಣಿಕೆದಾರರು ‘ಜ್ವರ’ ಎನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾದುದು ‘ಹಣ್ಣು ಹುಳು’. ಇಂಥ ನುಡಿಗಟ್ಟುಗಳನ್ನು ಬೆಳೆಸಿದ ನೂಲು ಈಗ ತುಂಡಾದ ನರದ ದುರಸ್ತಿಗೂ ಸಾಮಗ್ರಿಯಾಗುತ್ತಿರುವುದು ಜಾನಪದ ಅಧ್ಯಯನಕ್ಕೆ ಹೊರತಾದ ಸಂಗತಿಯೇನಲ್ಲ.

ಮೊದಲಿಗೆ ಒಂದು ಪದದ ತೊಡಕನ್ನು ಬಿಡಿಸಬೇಕು. ಜನಬಳಕೆಯ ‘ನರ’ ರಕ್ತನಾಳಕ್ಕೂ ಸ್ನಾಯುರಜ್ಜುವಿಗೂ ಸಂವೇದನೆಯ ತಂತುವಿಗೂ ಸಲ್ಲುತ್ತದೆ. ಕೈಯ ಮೇಲೆ ನರ ಎದ್ದಿದೆ ಎಂದರೆ ಅದು ರಕ್ತನಾಳ. ನರ ಎಳೆಯುತ್ತಿದೆ ಎಂದರೆ ಬಹುಮಟ್ಟಿಗೆ ಸ್ನಾಯು. ಆದ್ದರಿಂದ ಕುಡುಗೋಲಿನಿಂದಲೋ ಯಂತ್ರದಿಂದಲೋ ಮುಂಗೈ ಕೊಯ್ದು ಬೆರಳು ಜೋಮು ಹಿಡಿದಾಗ, ಗಾಯ ಕೂಡಿದರೆ ನರವೂ ಕೂಡಿತೆಂಬ ಭಾವನೆ ಸಹಜವೇ. ಆದರೆ ಎಣ್ಣೆ ನೀವಿ ಕಾಯುವ ತಿಂಗಳುಗಳು ಕೂಲಿಯವನ ಕೈಯನ್ನೇ ಕಳೆಯಬಲ್ಲವು.

ನರತಂತು ಹಗ್ಗದಂತೆ ಗಂಟು ಹಾಕಿದರೆ ಕೂಡುವುದಿಲ್ಲ. ಕಡಿತದಾಚೆಯ ತಂತು ನಶಿಸುತ್ತದೆ. ಈಚೆಯ ತುದಿ ಚಿಗುರಿ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟಲು ಆರು ತಿಂಗಳ ಆಸುಪಾಸು. ಗಾಯ ಮೊಣಕೈಗಿಂತ ಮೇಲಿದ್ದರೆ ವರ್ಷ ಮೀರುತ್ತದೆ. ಅಷ್ಟರಲ್ಲಿ ಆಜ್ಞೆ ಕಾಣದ ಸ್ನಾಯು ಸೊರಗುತ್ತದೆ; ಒಂದೂವರೆ ವರ್ಷ ಕಳೆದರೆ ಅದರ ಚೇತರಿಕೆ ವಿರಳ.

ತುದಿಗಳ ನಡುವೆ ಅಂತರವಿದ್ದಾಗ ಎಳೆದು ಹೊಲಿಯುವಂತಿಲ್ಲ. ರೋಗಿಯ ಮೀನಖಂಡದ ನರವೊಂದನ್ನು ತೆಗೆದು ಬೆಸೆಯುವುದು ಸ್ಥಾಪಿತ ಕ್ರಮ. ಅದಕ್ಕೆ ಪಾದದ ಹೊರಬದಿಯ ಸ್ಪರ್ಶವೇ ಬೆಲೆ. ಇದಕ್ಕೆ ಪರ್ಯಾಯವೇ ಕೊಳವೆ. ಎರಡು ತುದಿಗಳನ್ನು ಅದರೊಳಗೆ ಕೂರಿಸಿದರೆ ಚಿಗುರು ದಿಕ್ಕು ತಪ್ಪದೆ ಸಾಗುತ್ತದೆ. ಕೊಲಾಜನ್ ಕೊಳವೆಗೆ ಅಮೆರಿಕದಲ್ಲಿ 2001ರಲ್ಲೇ ಅನುಮತಿ ದೊರೆಯಿತು.

ರೇಷ್ಮೆ ಎಳೆಯೆಂದರೆ ಫೈಬ್ರಾಯಿನ್ ಎಂಬ ಪ್ರೋಟೀನಿನ ಜೋಡಿ ತಂತು, ಅದರ ಮೇಲೆ ಸೆರಿಸಿನ್ ಎಂಬ ಅಂಟು. ಬಿಚ್ಚಾಣಿಕೆಯವರು ಗೂಡನ್ನು ಬಿಸಿನೀರಿಗೆ ಹಾಕಿ ಮೆದುಗೊಳಿಸುವುದು ಈ ಅಂಟನ್ನೇ. ತೂಕದಲ್ಲಿ ಅದು ಕಾಲು ಭಾಗದಷ್ಟಿದೆ. ಹಿಂದೆ ರೇಷ್ಮೆ ಹೊಲಿಗೆಯಿಂದ ಕೆಲವರಲ್ಲಿ ಕಂಡ ಉರಿಯೂತಕ್ಕೆ ಹೆಚ್ಚಾಗಿ ಅಂಟೇ ಕಾರಣವೆಂದು ಭಾವಿಸಲಾಗಿದೆ. ಸೋಡಾ ನೀರಿನಲ್ಲಿ ಕುದಿಸಿ ಅಂಟು ಕಳೆದ ಫೈಬ್ರಾಯಿನನ್ನು ಲವಣದ್ರಾವಣದಲ್ಲಿ ಕರಗಿಸಿ ಕೊಳವೆಯಾಗಿಸಬಹುದು. ಒಳಗೆ ಎಳೆಗಳನ್ನೂ ಹಾಸಬಹುದು. ನರದ ಪೋಷಕ ಕೋಶಗಳು ಆ ಎಳೆಗಳ ಮೇಲೆ ತೆವಳುತ್ತವೆ, ಚಿಗುರು ಅವುಗಳ ಬೆನ್ನು ಹಿಡಿಯುತ್ತದೆ. ಕೊಳವೆ ಕಾಲಕ್ರಮೇಣ ದೇಹದಲ್ಲಿ ಕರಗುತ್ತದೆ. ಇಲ್ಲಿ ದಾರವು ಕಟ್ಟುವುದಿಲ್ಲ, ದಾರಿ ತೋರುತ್ತದೆ.

ಚೀನಾದ ನಾನ್‌ಟಾಂಗ್ ಸಂಶೋಧಕರು 2007ರಲ್ಲಿ ಇಲಿಯ ನರದ 10 ಮಿ.ಮೀ. ಅಂತರವನ್ನು ಹೀಗೆ ತುಂಬಿ, ಸ್ವಂತ ನರದ ಕಸಿಗೆ ಸಮೀಪದ ಫಲ ಪಡೆದರು. ಜರ್ಮನಿಯ ಹ್ಯಾನೋವರ್‌ನಲ್ಲಿ ಜೇಡರ ನೂಲು ಬಳಸಿ ಕುರಿಯಲ್ಲಿ 6 ಸೆಂ.ಮೀ. ಅಂತರ ದಾಟಿಸಿದ ವರದಿ 2011ರದು. ಗಾಯಕ್ಕೆ ಜೇಡರ ಬಲೆ ಮೆತ್ತುವ ಹಳೆಯ ರೂಢಿಯನ್ನು ಇದರ ಪೂರ್ವರೂಪವೆಂದು ಕೊಂಡಾಡುವುದು ಮಾತ್ರ ಅತಿರೇಕವಾದೀತು; ಅದು ರಕ್ತ ತಡೆಯಲು ಮಾಡಿದ್ದು. ಮನುಷ್ಯರಲ್ಲಿ ರೇಷ್ಮೆ ಕೊಳವೆಯ ಅನುಭವ ಇನ್ನೂ ಅಲ್ಪ. 3 ಸೆಂ.ಮೀ. ಮೀರಿದ ಅಂತರಕ್ಕೆ ಟೊಳ್ಳು ಕೊಳವೆಯನ್ನು ವೈದ್ಯರು ಸಾಮಾನ್ಯವಾಗಿ ನೆಚ್ಚುವುದಿಲ್ಲ.

ಕೊಳವೆಯೊಂದಕ್ಕೆ ಬೇಕಾಗುವ ರೇಷ್ಮೆ ಅತ್ಯಲ್ಪವಾದ್ದರಿಂದ ಇದರಿಂದ ಗೂಡಿನ ಧಾರಣೆ ಏರುವ ನಿರೀಕ್ಷೆಯೂ ಸಲ್ಲದು. ರೈತನಿಗೆ ಇದರಲ್ಲಿ ತಕ್ಷಣ ಉಪಯೋಗವಾಗುವುದು ‘ನರ’ದ ಬಗೆಗಿನ ತಿಳಿವಳಿಕೆ. ಕೊಯ್ತದ ನಂತರ ಬೆರಳ ತುದಿ ಸ್ಪರ್ಶ ಅರಿಯದಿದ್ದರೆ, ಅಲ್ಲಿನ ಚರ್ಮ ಬೆವರದೆ ಒಣಗಿದ್ದರೆ, ಮೇಲಿನ ಗಾಯ ಮಾಯ್ದಿದ್ದರೂ ಒಳಗಿನ ನರ ಕಡಿದಿರಬಹುದು. ಅದನ್ನು ಶಸ್ತ್ರವೈದ್ಯರಿಗೆ ತೋರಿಸಬೇಕಾದದ್ದು ದಿನಗಳ ಲೆಕ್ಕದಲ್ಲಿ.