ಗಾಡಿಯ ದೀಪಕ್ಕೆ ಬಿಳಿ ಬೆಳಕು: ಬಲ್ಬು ಬದಲಿಸುವ ಮುನ್ನ

ಕಾಫಿ ಕೊಯ್ಲು, ಅಡಿಕೆ ಸುಲಿತ ಶುರುವಾಯಿತೆಂದರೆ ನಮ್ಮ ಸದಸ್ಯರ ಜೀಪು, ಓಮ್ನಿ, ಪಿಕಪ್ಪುಗಳಿಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. ಕೆಲಸದವರನ್ನು ಮನೆ ಮುಟ್ಟಿಸಿ, ಮೂಟೆಗಳನ್ನು ಗೋದಾಮಿಗೆ ಇಳಿಸಿ, ಪೇಟೆಯ ಕೆಲಸ ಮುಗಿಸಿ ಹೊರಡುವಾಗ ಕತ್ತಲಾಗಿರುತ್ತದೆ. ಮುಂದಿರುವುದು ತಿರುವು ಮುರುವಿನ ರಸ್ತೆ, ಅದರ ಮೇಲೆ ಮಂಜು. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಯವರಿಗಾದರೆ ರಸ್ತೆಯ ಬಣ್ಣವನ್ನೇ ಮೈಗೆ ಹಚ್ಚಿಕೊಂಡು ನಿಂತ ಆನೆಯ ಭಯ ಬೇರೆ. ಇಂಥ ಹೊತ್ತಿನಲ್ಲಿ ಗಾಡಿಯ ದೀಪ ಕೆಂಪಗೆ ಚಿಮಣಿ ಬುಡ್ಡಿಯಂತೆ ಉರಿಯುತ್ತಿದ್ದರೆ, 'ಈ ಬಲ್ಬು ಕಿತ್ತೆಸೆದು ಬಿಳಿ ಬೆಳಕಿನದನ್ನು ಹಾಕಿಸಬೇಕು' ಎನ್ನಿಸುವುದು ಸಹಜವೇ.

ಅಂಗಡಿಗಳಲ್ಲಿ ಅಂಥ ಬಲ್ಬುಗಳಿಗೆ ಬರವಿಲ್ಲ. ನೀಲಿ ಗಾಜಿನ ಹ್ಯಾಲೊಜನ್, 100 ವಾಟ್‌ನ ದೊಡ್ಡ ಬಲ್ಬು, ಎಲ್‌ಇಡಿ, ಎಚ್‌ಐಡಿ ಎಂದು ಥರಾವರಿ ಪೊಟ್ಟಣಗಳು ತೂಗುತ್ತಿರುತ್ತವೆ. ಯಾವುದನ್ನು ಕೊಳ್ಳಬೇಕೆಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈಗ ಇರುವ ಬಲ್ಬು ಕೆಂಪಗೆ ಉರಿಯುತ್ತಿರುವುದೇಕೆ?

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ಮೇಣದಬತ್ತಿಯದು ಸುಮಾರು 1,900, ಹಳೆಯ ಮಾದರಿಯ ತಂತಿ ಬಲ್ಬಿನದು 2,800ರ ಆಸುಪಾಸು, ಹ್ಯಾಲೊಜನ್ನಿನದು 3,200ರಷ್ಟು, ನಡು ಮಧ್ಯಾಹ್ನದ ಬಿಸಿಲಿನದು 5,500ರ ಹತ್ತಿರ. ಅಂಕಿ ಏರಿದಂತೆ ಬೆಳಕು ಹಳದಿಯಿಂದ ಬಿಳುಪಿಗೂ, ಅಲ್ಲಿಂದ ನೀಲಿಗೂ ಹೊರಳುತ್ತದೆ. ಇದು ಬಣ್ಣದ ಅಳತೆಯೇ ಹೊರತು ಬೆಳಕಿನ ಪ್ರಮಾಣದ ಅಳತೆಯಲ್ಲ; ಪ್ರಮಾಣವನ್ನು ಅಳೆಯುವುದು ಲ್ಯುಮೆನ್‌ನಲ್ಲಿ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದ 5,000 ಎಂಬುದನ್ನು ನೋಡಿ, 3,200ಕ್ಕಿಂತ ಅದು ಒಂದೂವರೆ ಪಟ್ಟು ಹೆಚ್ಚು ಬೆಳಕು ಕೊಡುತ್ತದೆಂದು ತಿಳಿದುಕೊಳ್ಳುವವರೇ ಹೆಚ್ಚು. ಅಂಗಡಿಯವರೂ ತಿದ್ದಲು ಹೋಗುವುದಿಲ್ಲ.

ಇನ್ನೊಂದು ಸಂಗತಿ. ಬಲ್ಬಿನೊಳಗಿನ ತಂತಿ ಟಂಗ್‌ಸ್ಟನ್ ಲೋಹದ್ದು. ಅದು ಕರಗುವುದು ಸುಮಾರು 3,420 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲ್ವಿನ್ ಲೆಕ್ಕದಲ್ಲಿ 3,695. ಎಂದ ಮೇಲೆ ಯಾವ ತಂತಿ ಬಲ್ಬೂ ತನ್ನಷ್ಟಕ್ಕೆ 5,000 ಕೆಲ್ವಿನ್ ಬೆಳಕು ಕೊಡಲಾರದು. ಕೊಡುವ ಮೊದಲೇ ತಂತಿ ಕರಗಿ ಹೋಗಿರುತ್ತದೆ. ನೀಲಿ ಬಲ್ಬು ಆ ಬಣ್ಣವನ್ನು ಪಡೆಯುವುದು ಗಾಜಿಗೆ ಬಳಿದ ನೀಲಿ ಲೇಪದಿಂದ. ಲೇಪ ಮಾಡುವ ಕೆಲಸವೆಂದರೆ ಹಳದಿ, ಕೆಂಪು ಬೆಳಕನ್ನು ತಡೆದು ಉಳಿದದ್ದನ್ನು ಹೊರಬಿಡುವುದು. ಅಂದರೆ ಹೆಚ್ಚು ಹಣ ಕೊಟ್ಟು ಕಡಿಮೆ ಬೆಳಕನ್ನು ಮನೆಗೆ ತಂದಂತಾಯಿತು! ಒಳ್ಳೆಯ ಕಂಪನಿಗಳು ಈ ನಷ್ಟ ತುಂಬಲು ತಂತಿಯನ್ನು ಇನ್ನಷ್ಟು ಕಾಯುವಂತೆ ಮಾಡಿರುತ್ತಾರೆ. ಆಗ ಬಲ್ಬಿನ ಆಯುಷ್ಯ ಕುಗ್ಗುತ್ತದೆ.

ಹಸಿದ ಬಲ್ಬು

ನಮ್ಮ ಗಾಡಿಗಳಲ್ಲಿ ಬಹಳಷ್ಟಕ್ಕೆ ಹೊಂದುವುದು ಎಚ್-4 ಎಂಬ ಬಲ್ಬು. 1971ರಲ್ಲಿ ಬಂದ ಮಾದರಿಯಿದು. ಒಂದೇ ಗಾಜಿನೊಳಗೆ ಎರಡು ತಂತಿ, ಬ್ರೈಟಿಗೆ 60 ವಾಟ್, ಡಿಮ್ಮಿಗೆ 55 ವಾಟ್. ಸರಿಯಾದ ವಿದ್ಯುತ್ ಸಿಕ್ಕಿದರೆ ಬ್ರೈಟಿನಲ್ಲಿ ಸುಮಾರು 1,650 ಲ್ಯುಮೆನ್, ಡಿಮ್ಮಿನಲ್ಲಿ 1,000 ಲ್ಯುಮೆನ್ ಬೆಳಕು ಬರಬೇಕು. 'ಸರಿಯಾದ ವಿದ್ಯುತ್' ಎಂಬಲ್ಲಿಯೇ ಇರುವುದು ತೊಡಕು.

ತಂತಿ ಬಲ್ಬಿನ ಸ್ವಭಾವ ವಿಚಿತ್ರ. ವೋಲ್ಟೇಜು ಸ್ವಲ್ಪ ಇಳಿದರೆ ಬೆಳಕು ಅದರ ಹಲವು ಪಟ್ಟು ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದು ಬಲ್ಬಿನ ಬಳಿ 12 ಮಾತ್ರ ತಲುಪುತ್ತಿದ್ದರೆ, ನಷ್ಟ ನೂರಕ್ಕೆ ಹನ್ನೊಂದರಷ್ಟೆಂದು ಕಾಣಬಹುದು. ಬೆಳಕಿನಲ್ಲಿ ಮಾತ್ರ ಮೂರರಲ್ಲೊಂದು ಪಾಲು ಹೋಗಿರುತ್ತದೆ. ಉಳಿದ ಬೆಳಕೂ ಹಳದಿಗೆ ತಿರುಗಿರುತ್ತದೆ, ತಂತಿ ಸಾಕಷ್ಟು ಕಾಯುವುದಿಲ್ಲವಾದ್ದರಿಂದ. ಹಳೆಯ ಜೀಪುಗಳಲ್ಲಿ ದೀಪದ ಕರೆಂಟೆಲ್ಲ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಡಿಮ್ಮರ್ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ ಎಂದು ಊರೆಲ್ಲ ಸುತ್ತಿ ಬರುತ್ತದೆ. ವೈರು ಸಪೂರ, ಮಳೆಗಾಲದ ತೇವಕ್ಕೆ ಕಿಲುಬು ಹಿಡಿದ ಕನೆಕ್ಟರು, ತುಕ್ಕು ಕಚ್ಚಿದ ಅರ್ತಿಂಗ್. ಹನಿ ನೀರಾವರಿಯ ಪೈಪು ಅಲ್ಲಲ್ಲಿ ಕಟ್ಟಿಕೊಂಡರೆ ಕೊನೆಯ ಗಿಡಕ್ಕೆ ಏನು ತಲುಪುತ್ತದೆಯೋ ಬಲ್ಬಿಗೂ ಅಷ್ಟೇ ತಲುಪುತ್ತದೆ.

ಆದುದರಿಂದ ಮೊದಲ ಕೆಲಸ ಮೀಟರು ಹಿಡಿದು ಅಳೆಯುವುದು. ಎಂಜಿನ್ ಓಡಿಸಿ, ದೀಪ ಹಾಕಿ, ಮೊದಲು ಬ್ಯಾಟರಿಯ ಎರಡು ಕೊಂಡಿಗಳ ನಡುವೆ, ಬಳಿಕ ಬಲ್ಬು ಸಿಕ್ಕಿಸಿದಂತೆಯೇ ಅದರ ಹಿಂದಿನ ಹೋಲ್ಡರಿನಲ್ಲಿ ನೋಡಬೇಕು. ಬಲ್ಬು ಕಳಚಿ ಅಳೆದರೆ ಪ್ರಯೋಜನವಿಲ್ಲ; ಕರೆಂಟು ಹರಿಯದಿರುವಾಗ ಎಂಥ ಕೆಟ್ಟ ವೈರೂ ಪೂರ್ತಿ ವೋಲ್ಟೇಜು ತೋರಿಸುತ್ತದೆ. ವ್ಯತ್ಯಾಸ ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟೋ ಒಂದೂವರೆಯೋ ಇದ್ದರೆ ಹೊಸ ಬಲ್ಬಿಗೆ ಹಣ ಹಾಕುವುದು ದಂಡ.

ಇದಕ್ಕೆ ಔಷಧಿ ರಿಲೇ. ಒಂದು ಬ್ರೈಟಿಗೆ, ಒಂದು ಡಿಮ್ಮಿಗೆ, ಹೀಗೆ ಎರಡು ರಿಲೇ ಹಾಕಿಸಿ, ಬ್ಯಾಟರಿಯಿಂದ ದಪ್ಪ ವೈರನ್ನು ಫ್ಯೂಸಿನ ಮೂಲಕ ನೇರವಾಗಿ ರಿಲೇಗೆ ತಂದು ಬಲ್ಬಿಗೆ ಕೊಡಬೇಕು. ಹಳೆಯ ಸ್ವಿಚ್ಚಿನ ವೈರು ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಮಾಡುತ್ತದೆ. ರಿಲೇಯ ಕಾಲುಗಳ ಮೇಲೆ ಅಂಕಿ ಒತ್ತಿರುತ್ತಾರೆ: 30ಕ್ಕೆ ಬ್ಯಾಟರಿಯ ವೈರು, 87ರಿಂದ ಬಲ್ಬಿಗೆ, 86ಕ್ಕೆ ಸ್ವಿಚ್ಚಿನದು, 85 ಅರ್ತಿಗೆ. ಫ್ಯೂಸು ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ. ಫ್ಯೂಸಿಲ್ಲದೆ ನೇರ ಎಳೆದ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಗಲಿದರೆ ಗಾಡಿಯೇ ಸುಟ್ಟುಹೋಗಬಹುದು. ಅರ್ತಿನ ವೈರನ್ನೂ ಮರೆಯದೆ ಹೊಸದಾಗಿ ಹಾಕಿಸಿ, ಬಾಡಿಯ ಬಣ್ಣ ಕೆರೆದು ಬಿಗಿಯಿರಿ. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನಿಗೆ ಇದು ಅರ್ಧ ದಿನದ ಕೆಲಸ. ಇಷ್ಟಾದ ಮೇಲೆ ಅದೇ ಹಳೆಯ ಬಲ್ಬು ಬೆಳ್ಳಗಾಗುವುದನ್ನು ಕಣ್ಣಾರೆ ಕಾಣಬಹುದು. ಹೊಸ ಗಾಡಿಗಳ ಮಾತು ಬೇರೆ. ಅವುಗಳಲ್ಲಿ ರಿಲೇ ಮೊದಲೇ ಇರುತ್ತದೆ ಅಥವಾ ದೀಪವನ್ನು ಕಂಪ್ಯೂಟರೇ ನಡೆಸುತ್ತದೆ; ವಾರಂಟಿಯಲ್ಲಿರುವ ಗಾಡಿಯ ವೈರು ಕತ್ತರಿಸಲು ಯಾರಿಗೂ ಬಿಡಬೇಡಿ.

100/90 ವಾಟ್‌ನ ಬಲ್ಬಿನ ಬಗ್ಗೆ ಎರಡೇ ಮಾತು. 60 ವಾಟ್‌ನ ಜೋಡಿ 10 ಆಂಪಿಯರ್ ಎಳೆಯುವಲ್ಲಿ 100 ವಾಟ್‌ನ ಜೋಡಿ 16ಕ್ಕೂ ಹೆಚ್ಚು ಎಳೆಯುತ್ತದೆ. ಹೋಲ್ಡರು ಕರಗುತ್ತದೆ, ರಿಫ್ಲೆಕ್ಟರಿನ ಬೆಳ್ಳಿಹೊಳಪು ಸುಟ್ಟು ಕಪ್ಪಾಗುತ್ತದೆ, ಪ್ಲಾಸ್ಟಿಕ್ಕಿನ ದೀಪವಾದರೆ ಸೊಟ್ಟಗಾಗುವುದೂ ಉಂಟು. ಸಪೂರ ವೈರಿನಲ್ಲಿ ನಷ್ಟವೂ ಅಷ್ಟೇ ಹೆಚ್ಚು. ಬೇಡ.

ಎಲ್‌ಇಡಿ ಹಾಕಿದರೆ?

ಎಲ್ಲರೂ ಕೇಳುವುದು ಇದನ್ನೇ. ಎಲ್‌ಇಡಿ ಕಡಿಮೆ ಕರೆಂಟಿನಲ್ಲಿ ಬೆಳ್ಳನೆಯ ಬೆಳಕು ಕೊಡುತ್ತದೆ, ಸಂದೇಹವಿಲ್ಲ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಂದಿಗೆ ಬಂದ ಗಾಡಿಗಳಲ್ಲಿ ಅದು ಚೆನ್ನಾಗಿಯೇ ಇದೆ. ತಕರಾರಿರುವುದು ತಂತಿ ಬಲ್ಬಿಗಾಗಿ ಮಾಡಿದ ದೀಪದೊಳಗೆ ಎಲ್‌ಇಡಿ ಬಲ್ಬು ತುರುಕುವುದರಲ್ಲಿ.

ರಿಫ್ಲೆಕ್ಟರಿನ ಪ್ರತಿಯೊಂದು ಬಾಗೂ ತಂತಿ ಇಂಥ ಜಾಗದಲ್ಲಿಯೇ, ಇಷ್ಟೇ ಉದ್ದ, ಇಷ್ಟೇ ದಪ್ಪ ಇರುತ್ತದೆಂಬ ಲೆಕ್ಕದಲ್ಲಿ ರೂಪಿಸಿದ್ದು. ಎಚ್-4 ಬಲ್ಬಿನಲ್ಲಿ ಡಿಮ್ಮಿನ ತಂತಿಯ ಕೆಳಗೊಂದು ಪುಟ್ಟ ಲೋಹದ ಬಟ್ಟಲಿದೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದಂತೆ ಅದು ತಡೆಯುತ್ತದೆ. ಎದುರಿನವನ ಕಣ್ಣಿಗೆ ಹೊಡೆಯಬಹುದಾಗಿದ್ದ ಬೆಳಕು ಅಲ್ಲಿಯೇ ನಿಲ್ಲುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ದುಂಡನೆಯ ತಂತಿಯ ಬದಲು ಚಪ್ಪಟೆ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ರಸ್ತೆಯ ಮೇಲೆ ಲೆಕ್ಕವೆಲ್ಲ ತಲೆಕೆಳಗು. ಗಾಡಿಯ ಮುಂದಿನ ಹತ್ತಿಪ್ಪತ್ತು ಅಡಿ ಹಾಲು ಚೆಲ್ಲಿದಂತೆ ಬೆಳಗುತ್ತದೆ, ಓಡಿಸುವವನಿಗೆ ಬಲು ಸಂತೋಷ. ಆದರೆ ಹತ್ತಿರ ಹೆಚ್ಚು ಬೆಳಕಿದ್ದಷ್ಟೂ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಕಾಣಿಸುವುದಿಲ್ಲ. ಕಾಟಿ ನಿಂತಿರುವುದು ದೂರದಲ್ಲಿ.

ಮಳೆಗಾಲದಲ್ಲಿ ಇನ್ನೊಂದು ಅಡಚಣೆ. ತಂತಿ ಬಲ್ಬಿನ ಬಿಸಿಗೆ ದೀಪದೊಳಗಿನ ತೇವ ಆರಿಹೋಗುತ್ತಿತ್ತು. ಎಲ್‌ಇಡಿ ತನ್ನ ಬಿಸಿಯನ್ನು ಹಿಂದಕ್ಕೆ ಬಿಡುವುದರಿಂದ ಗಾಜಿನ ಒಳಗೆ ಕಟ್ಟಿದ ಹನಿ ಹಾಗೆಯೇ ಉಳಿಯುತ್ತದೆ.

ಎದುರಿನಿಂದ ಬರುವವರ ಪಾಡನ್ನೂ ನೋಡಬೇಕು. ತಿರುವಿನಲ್ಲಿ ಕಣ್ಣಿಗೆ ಬೆಳಕು ಹೊಡೆಸಿಕೊಂಡವನಿಗೆ ಮತ್ತೆ ಸರಿಯಾಗಿ ಕಾಣಲು ಕೆಲವು ಸೆಕೆಂಡು ಬೇಕು. 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಐದು ಸೆಕೆಂಡಿಗೆ 55 ಮೀಟರ್, ಅದೂ ಕುರುಡಾಗಿ. ವಯಸ್ಸಾದವರಿಗೆ ಈ ತೊಂದರೆ ಹೆಚ್ಚು, ನೀಲಿ ಛಾಯೆಯ ಬೆಳಕಾದರಂತೂ ಇನ್ನೂ ಹೆಚ್ಚು. ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿರುವವರು ಆತನಿಗೆ ಕಾಣುವುದೇ ಇಲ್ಲ. ಸಂಜೆ ಹೊತ್ತು ಹಾಗೆ ನಡೆದು ಹೋಗುವವರು ಬಹುಮಟ್ಟಿಗೆ ನಮ್ಮ ತೋಟಗಳ ಕೆಲಸದವರೇ.

ಕಾನೂನೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 106ನೇ ನಿಯಮದಂತೆ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು; 8 ಮೀಟರ್ ಮುಂದೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವನಿಗೆ ಅದು ಕೋರೈಸಬಾರದು. ಕಂಪನಿ ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ 1988ರ ಕಾಯ್ದೆಯ 52ನೇ ಕಲಮಿನ ಅಡ್ಡಿಯಿದೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆಯಾದರೂ, ಇಂಥ ಬಲ್ಬನ್ನು ಇಂಥ ಗಾಡಿಯ ಇಂಥ ದೀಪಕ್ಕೆ ಮಾತ್ರ ಎಂದು ಪರೀಕ್ಷಿಸಿ ಪಟ್ಟಿ ಮಾಡಿ ಕೊಟ್ಟ ಒಪ್ಪಿಗೆಯದು. ಗೂಡಂಗಡಿಯ ಪೊಟ್ಟಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಂಜಿಗೆ ಹಳದಿ ಒಳ್ಳೆಯದೇ?

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆಂಬ ನಂಬಿಕೆ ಘಟ್ಟದ ಚಾಲಕರಲ್ಲಿ ಗಟ್ಟಿಯಾಗಿದೆ. ಫ್ರಾನ್ಸ್ ದೇಶದಲ್ಲಂತೂ 1993ರ ವರೆಗೂ ಕಾರುಗಳಿಗೆ ಹಳದಿ ದೀಪವೇ ಕಡ್ಡಾಯವಿತ್ತು. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಾಗಾಗಿ ಸೀಳಿಕೊಂಡು ಹೋಗುವ ಮಾತು ನಿಲ್ಲುವುದಿಲ್ಲ. ಆದರೆ ಹಿಂದಕ್ಕೆ ಚದುರಿ ಬರುವ ಬೆಳಕಿನಲ್ಲಿ ನೀಲಿ ಇಲ್ಲದಿದ್ದರೆ ಕಣ್ಣಿಗೆ ಹಿತ, ಆಯಾಸ ಕಡಿಮೆ. ಚಾಲಕರ ಅನುಭವ ಸುಳ್ಳಲ್ಲ, ಕೊಡುವ ಕಾರಣವಷ್ಟೇ ಬೇರೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಂಜು ಕವಿದಾಗ ಕೆಲಸಕ್ಕೆ ಬರುವುದು ದೀಪದ ಎತ್ತರ. ಬ್ರೈಟ್ ಹಾಕಿದರೆ ಎದುರಿಗೆ ಬಿಳಿಯ ಗೋಡೆಯೇ ಏಳುತ್ತದೆ. ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರವಾಗಿ ಜೋಡಿಸಿದ, ಅಗಲವಾಗಿ ಹರಡುವ ಫಾಗ್ ಲ್ಯಾಂಪು ಕಣ್ಣಿನ ಮಟ್ಟದ ಮಂಜನ್ನು ಬೆಳಗದೆ ರಸ್ತೆಯಂಚನ್ನು ತೋರಿಸುತ್ತದೆ. ದುಡ್ಡು ಹಾಕಲೇಬೇಕೆಂದಿರುವ ಘಟ್ಟದ ಸದಸ್ಯರು ಇದಕ್ಕೆ ಹಾಕುವುದು ಮೇಲು.

ಗಾಜು, ಗೋಡೆ, ಮೂಟೆ

ಈಚಿನ ಇಪ್ಪತ್ತು ಮೂವತ್ತು ವರ್ಷಗಳ ಗಾಡಿಗಳಲ್ಲಿ ದೀಪದ ಮುಂಭಾಗ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಬಿಸಿಲಿಗೆ ಅದು ಹಳದಿಗಟ್ಟಿ ಮಸುಕಾಗುತ್ತದೆ. ಒಳಗೆ ಸೂರ್ಯನನ್ನೇ ಇಟ್ಟರೂ ಬೆಳಕು ಹೊರಬಾರದು. ನೀರು ಹಾಕಿಕೊಂಡು 800, 1,000, 2,000 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ ಉಜ್ಜಿ, ಪಾಲಿಶ್ ಕೊಟ್ಟು, ಕೊನೆಗೆ ನೇರಳಾತೀತ ಕಿರಣ ತಡೆಯುವ ಲೇಪವೊಂದನ್ನು ಹಚ್ಚಿದರೆ ಹೊಸದರಂತಾಗುತ್ತದೆ. ಲೇಪ ಹಚ್ಚದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಮಸುಕು. ಹಲ್ಲುಜ್ಜುವ ಪೇಸ್ಟಿನ ಉಪಾಯ ಮುಂದಿನ ಸಂತೆಯ ತನಕ ಬಾಳುವಂಥದ್ದು.

ಏನೇ ಬದಲಿಸಿದರೂ ದೀಪದ ಮಟ್ಟ ನೋಡಲೇಬೇಕು. ಇದಕ್ಕೆ ಗ್ಯಾರೇಜು ಬೇಡ, ಕಾಫಿ ಕಣವೂ ಗೋದಾಮಿನ ಗೋಡೆಯೂ ಸಾಕು. ನೀರು ಹರಿಯಲು ಕಣಕ್ಕೆ ಕೊಟ್ಟ ಅಲ್ಪ ಇಳಿಜಾರು ಗೋಡೆಯ ಬುಡದ ತನಕ ಒಂದೇ ಸಮನಾಗಿದ್ದರೆ ತೊಂದರೆಯಿಲ್ಲ, ಏಕೆಂದರೆ ಅಳೆಯುವುದು ನೆಲದಿಂದಲೇ. ಟಯರುಗಳಿಗೆ ಸರಿಯಾದ ಗಾಳಿ ಹಾಕಿಸಿ, ದೀಪ ಗೋಡೆಯಿಂದ 10 ಮೀಟರ್ ದೂರವಿರುವಂತೆ ಗಾಡಿ ನಿಲ್ಲಿಸಿ. ನೆಲದಿಂದ ದೀಪದ ನಡುಮಧ್ಯಕ್ಕಿರುವ ಎತ್ತರವನ್ನು ಅಳೆದು, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಈ ಗೆರೆಯ ಮೇಲೆ ಕೂರಬೇಕು. ಎಡಗಡೆಗೆ ಮಾತ್ರ ಓರೆಯಾಗಿ ಮೇಲೇರಿರುತ್ತದೆ, ಎಡ ಅಂಚಿನಲ್ಲಿ ನಡೆಯುವವರನ್ನು ತೋರಿಸಲೆಂದು. ಬಲಗಡೆಗೆ ಏರಿದ್ದರೆ ಆ ದೀಪ ಬಲಗಡೆ ಗಾಡಿ ಓಡಿಸುವ ದೇಶಕ್ಕಾಗಿ ಮಾಡಿದ್ದು, ನಮಗೆ ಆಗಿಬರುವುದಿಲ್ಲ. ಹೊಸ ಬಲ್ಬಿನಲ್ಲಿ ಮೇಲಂಚು ಸ್ಪಷ್ಟವಾಗಿರದೆ ಗೋಡೆಯ ತುಂಬ ಬೆಳಕು ಚೆಲ್ಲಾಡುತ್ತಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಫಲವಿಲ್ಲ, ಬಲ್ಬನ್ನು ಅಂಗಡಿಗೇ ಹಿಂತಿರುಗಿಸಿ.

ಖಾಲಿ ಗಾಡಿಯಲ್ಲಿ ಸರಿಮಾಡಿದ ಮಟ್ಟ, ಹಿಂದೆ ಹತ್ತು ಮೂಟೆ ಹೇರಿದಾಗ ಸರಿಯಿರುವುದಿಲ್ಲ; ಹಿಂಭಾಗ ಕುಸಿದು ದೀಪ ಮರದ ತುದಿ ನೋಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಪುಟ್ಟ ಚಕ್ರವಿರುವುದು ಇದಕ್ಕಾಗಿಯೇ. ಹೊರೆ ಹೆಚ್ಚಿದಂತೆ ಅಂಕಿಯನ್ನು ಹೆಚ್ಚಿಸಬೇಕು. ಬಹಳ ಮಂದಿ ಗಾಡಿ ಕೊಂಡ ದಿನದಿಂದ ಅದನ್ನು ಮುಟ್ಟಿಲ್ಲ.

ಹೊಸ ಹ್ಯಾಲೊಜನ್ ಬಲ್ಬು ಹಾಕುವಾಗ ಅದರ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಚರ್ಮದ ಎಣ್ಣೆ ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ. ಮುಟ್ಟಿದರೆ ಸ್ಪಿರಿಟ್ಟಿನಲ್ಲಿ ಒರೆಸಿ. ಎರಡನ್ನೂ ಒಟ್ಟಿಗೆ ಬದಲಿಸಿ, ತೆಗೆದವುಗಳಲ್ಲಿ ಚೆನ್ನಾಗಿರುವುದನ್ನು ಕಾಗದದಲ್ಲಿ ಸುತ್ತಿ ಎರಡು ಫ್ಯೂಸಿನೊಂದಿಗೆ ಗಾಡಿಯಲ್ಲಿಯೇ ಇಟ್ಟುಕೊಳ್ಳಿ.